ಮಂಗಳೂರಿನ ಹವೆ

ಮಂಗಳೂರಿನ ಮಾತು ಬಂದೊಡನೆ ಘಟ್ಟದ ಮೇಲಿನ ಜನ ಎರಡು ದೂರುಗಳನ್ನು ಹೇಳುವುದುಂಟು: ಒಂದು ಸೆಕೆ, ಇನ್ನೊಂದು ಮಳೆ. ಚೈತ್ರ ವೈಶಾಖಗಳಲ್ಲಿ ಮದುವೆಗೆಂದು ಇಳಿದುಹೋಗಿ ಎರಡು ದಿನ ಇದ್ದು ಬಂದವರು ಸೆಕೆಯನ್ನು ಬಯ್ಯುತ್ತಾರೆ. ಆಷಾಢದಲ್ಲಿ ಹೋಗಿ ಒಣಗದ ಬಟ್ಟೆಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹಿಂದಿರುಗಿದವರು ಮಳೆಯನ್ನು ಬಯ್ಯುತ್ತಾರೆ. ಎರಡು ದೂರುಗಳೂ ನಿಜವೇ. ಆದರೆ ಮೂರನೆಯದೊಂದು ಉಂಟು. ಅದನ್ನು ಹೇಳತಕ್ಕವರು ಆ ಊರಿನಲ್ಲೇ ವಾಸವಾಗಿರುವವರು. ಆಕಾಶವೇ ಹರಿದು ಬಿದ್ದಂತೆ ನಾಲ್ಕು ತಿಂಗಳು ಮಳೆ ಸುರಿಯುವ ಆ ಪಟ್ಟಣದಲ್ಲಿ, ಏಪ್ರಿಲ್ ಮೇ ತಿಂಗಳುಗಳ ವೇಳೆಗೆ ಕುಡಿಯುವ ನೀರಿಗೆ ತತ್ವಾರವಾಗುವುದುಂಟು. ಇದು ಹೇಗೆ ಸಾಧ್ಯ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಮಂಗಳೂರಿನ ಹವೆಯನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಭೂಪಟವನ್ನು ತೆರೆದರೆ ಮಂಗಳೂರೂ ಬೆಂಗಳೂರೂ ಹೆಚ್ಚುಕಡಮೆ ಒಂದೇ ಅಕ್ಷಾಂಶದ ಮೇಲಿರುವುದು ಕಾಣುತ್ತದೆ. ಎರಡೂ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ. ಸೂರ್ಯನು ಎರಡು ಊರುಗಳಿಗೂ ಪಕ್ಷಪಾತವಿಲ್ಲದೆ ಒಂದೇ ಪ್ರಮಾಣದ ಬಿಸಿಲನ್ನು ಹಂಚುತ್ತಾನೆ. ಹೀಗಿದ್ದರೂ ಒಂದು ಊರಿನಲ್ಲಿ ಪುಷ್ಯಮಾಸದ ಬೆಳಗಿನ ಹೊತ್ತು ಶಾಲು ಹೊದೆಯದೆ ಹೊರಡುವಂತಿಲ್ಲ. ಇನ್ನೊಂದರಲ್ಲಿ ಶಾಲನ್ನು ಪೆಟ್ಟಿಗೆಯಿಂದ ತೆಗೆಯುವ ಪ್ರಸಂಗವೇ ಬರುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿನಷ್ಟು ಮೇಲಿದೆ ಎಂಬುದು ಇದಕ್ಕೆ ಒಂದು ಕಾರಣ. ಮಂಗಳೂರಿನ ಪಡುವಲಿಗೆ ಅರಬ್ಬೀ ಸಮುದ್ರವೂ ಮೂಡಲಿಗೆ ಸಹ್ಯಾದ್ರಿಯ ಗೋಡೆಯೂ ಇರುವುದು ಇನ್ನೊಂದು ಕಾರಣ. ಈ ಕಡಲಿಗೂ ಈ ಗೋಡೆಗೂ ನಡುವಿನ ಕಿರಿದಾದ ಪಟ್ಟಿಯೇ ಕರಾವಳಿ. ಅದರ ಹವೆಯೆಲ್ಲ ಈ ಎರಡರ ಕೊಡುಕೊಳೆಯಿಂದ ಹುಟ್ಟಿದ್ದು.

ಮೊದಲು ಸೆಕೆಯ ವಿಚಾರ. ಮಂಗಳೂರಿನಲ್ಲಿ ಹಗಲಿನ ಗರಿಷ್ಠ ಉಷ್ಣತೆಯ ವಾರ್ಷಿಕ ಸರಾಸರಿ 31 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಏಪ್ರಿಲ್ ತಿಂಗಳಲ್ಲಿ ಅದು 33, 34ಕ್ಕೆ ಏರುತ್ತದೆ. ಇದೇನೂ ಭಯಂಕರವಾದ ಅಂಕಿಯಲ್ಲ. ರಾಯಚೂರಿನವರೂ ಕಲಬುರಗಿಯವರೂ 40 ಡಿಗ್ರಿಯನ್ನು ಕಂಡು ಗಾಬರಿಪಡುವವರಲ್ಲ. ಆದರೂ ರಾಯಚೂರಿನವನು ಮಂಗಳೂರಿಗೆ ಬಂದರೆ ಅರ್ಧ ಗಂಟೆಯಲ್ಲಿ ಅಂಗಿಯನ್ನು ಹಿಂಡಬೇಕಾಗುತ್ತದೆ. ನಮ್ಮ ಮೈಯನ್ನು ತಣಿಸಿಕೊಳ್ಳಲು ಪ್ರಕೃತಿಯು ಕೊಟ್ಟಿರುವ ಉಪಾಯ ಬೆವರು. ಬೆವರು ಬಂದರೆ ಸಾಲದು, ಅದು ಆರಬೇಕು. ಆರುವಾಗ ಅದು ಮೈಯ ಶಾಖವನ್ನು ತನ್ನೊಡನೆ ಒಯ್ಯುತ್ತದೆ. ಬಯಲುಸೀಮೆಯ ಒಣಗಾಳಿಯಲ್ಲಿ ಬೆವರು ಬಂದದ್ದೇ ತಿಳಿಯದಷ್ಟು ಬೇಗ ಆರಿಹೋಗುತ್ತದೆ. ಕರಾವಳಿಯ ಗಾಳಿಯಾದರೋ ಕಡಲಿನ ಆವಿಯಿಂದ ಆಗಲೇ ತುಂಬಿಕೊಂಡಿರುವುದರಿಂದ ನಮ್ಮ ಬೆವರಿಗೆ ಅಲ್ಲಿ ಎಡೆಯಿಲ್ಲ. ಹಾಗಾಗಿ ಅದು ಹನಿಯಾಗಿ ಇಳಿಯುತ್ತದೆಯೇ ಹೊರತು ಮೈಯನ್ನು ತಣಿಸುವುದಿಲ್ಲ. ಉಷ್ಣಮಾಪಕವು ತೋರಿಸುವುದು ಒಂದು, ಮೈ ಅರಿಯುವುದು ಇನ್ನೊಂದು. ಕರಾವಳಿಯ ಜನ ‘ಬಿಸಿಲು’ ಎಂಬುದಕ್ಕಿಂತ ‘ಸೆಕೆ’ ಎಂಬ ಮಾತನ್ನು ಹೆಚ್ಚಾಗಿ ಆಡುವುದು ಈ ಕಾರಣದಿಂದಲೇ ಇರಬೇಕು.

ಇದರಲ್ಲಿ ಇನ್ನೊಂದು ಸೋಜಿಗವಿದೆ. ಸಾಮಾನ್ಯವಾಗಿ ನಾವು ಜನವರಿಯನ್ನು ಚಳಿಯ ತಿಂಗಳೆಂದು ಎಣಿಸುತ್ತೇವೆ. ಮಂಗಳೂರಿನಲ್ಲಿ ಜನವರಿಯ ರಾತ್ರಿ 20, 21 ಡಿಗ್ರಿಗೆ ಇಳಿದರೂ ಹಗಲು 32, 33ಕ್ಕೆ ಏರುತ್ತದೆ. ಜುಲೈ ತಿಂಗಳಲ್ಲಿಯಾದರೆ ಹಗಲು 28, 29ನ್ನು ಮೀರುವುದಿಲ್ಲ; ರಾತ್ರಿ 23ರ ಹತ್ತಿರ ನಿಲ್ಲುತ್ತದೆ. ಹಗಲು ರಾತ್ರಿಗಳನ್ನು ಕೂಡಿಸಿ ಸರಾಸರಿ ತೆಗೆದರೆ ವರ್ಷದಲ್ಲೆಲ್ಲ ತಣ್ಣನೆಯ ತಿಂಗಳು ಜುಲೈ ಎಂದಾಗುತ್ತದೆ. ಅಂದಮೇಲೆ ಈ ಊರಿಗೆ ಋತುಗಳನ್ನು ಗೊತ್ತುಮಾಡತಕ್ಕವನು ಸೂರ್ಯನಲ್ಲ, ಮೋಡ. ಪುಸ್ತಕಗಳಲ್ಲಿ ಓದುವ ಆರು ಋತುಗಳನ್ನು ಇಲ್ಲಿ ಹುಡುಕುವುದು ವ್ಯರ್ಥ. ಮಳೆಗಾಲ, ಮಳೆಯಿಲ್ಲದ ಕಾಲ ಎಂದು ಎರಡು ಭಾಗ ಮಾಡಿದರೆ ಬೇಕಾದಷ್ಟಾಯಿತು.

ಮಳೆಯಿಲ್ಲದ ಕಾಲದಲ್ಲಿ ಈ ಊರನ್ನು ಕಾಪಾಡುವುದು ಕಡಲಗಾಳಿ. ನೆಲವು ಬೇಗ ಕಾಯುತ್ತದೆ, ಬೇಗ ಆರುತ್ತದೆ. ನೀರು ಎರಡನ್ನೂ ನಿಧಾನವಾಗಿ ಮಾಡುತ್ತದೆ. ಹೊತ್ತು ಏರಿದಂತೆ ನೆಲದ ಮೇಲಿನ ಗಾಳಿ ಕಾದು ಮೇಲಕ್ಕೆ ಹೋಗಲು, ಅದರ ಸ್ಥಾನಕ್ಕೆ ಕಡಲಿನಿಂದ ತಂಪು ಗಾಳಿ ನುಗ್ಗುತ್ತದೆ. ರಾತ್ರಿ ಇದು ತಿರುಗುಮುರುಗಾಗಿ ಗಾಳಿ ಮೂಡಲಿಂದ ಪಡುವಲಿಗೆ ಬೀಸುತ್ತದೆ. ಹಾಯಿದೋಣಿಗಳ ಕಾಲದಲ್ಲಿ ಮೀನುಗಾರರು ನಸುಕಿನ ನೆಲಗಾಳಿಯನ್ನು ಹಾಯಿಗೆ ಕಟ್ಟಿಕೊಂಡು ಕಡಲಿಗೆ ಇಳಿದು, ಮಧ್ಯಾಹ್ನದ ಕಡಲಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ದಡಕ್ಕೆ ಬರುತ್ತಿದ್ದರು. ಫೆಬ್ರವರಿ ಮಾರ್ಚಿಗಳಲ್ಲಿ ಒಮ್ಮೊಮ್ಮೆ ಮೂಡಣ ಗಾಳಿಯು ಬಲವಾಗಿ, ಹೊತ್ತು ನೆತ್ತಿಗೇರಿದರೂ ಕಡಲಗಾಳಿಗೆ ದಾರಿ ಬಿಡದೆ ಇರುವುದುಂಟು. ಅಂಥ ದಿನಗಳಲ್ಲಿ ಉಷ್ಣತೆಯು 37, 38 ಡಿಗ್ರಿಗೆ ಏರಿಬಿಡುತ್ತದೆ. ಬೇಸಗೆಯೇ ಇನ್ನೂ ಸರಿಯಾಗಿ ಕಾಲಿಡದಿರುವ ಫೆಬ್ರವರಿಯಲ್ಲಿ ಮಂಗಳೂರೂ ಕಾರವಾರವೂ ನಾಡಿನ ಅತಿ ಬಿಸಿಯಾದ ಊರುಗಳ ಪಟ್ಟಿಯಲ್ಲಿ ಸೇರುವುದಕ್ಕೆ ಕಾರಣ ಇಷ್ಟೆ.

ಇನ್ನು ಮಳೆ. ಮೇ ತಿಂಗಳ ಸಂಜೆಗಳಲ್ಲಿ ಮೂಡಲಲ್ಲಿ, ಘಟ್ಟದ ಕಡೆ, ಮಿಂಚೂ ಗುಡುಗೂ ಮೊದಲಾಗುತ್ತವೆ. ಆ ಮಳೆಗೆ ಆರ್ಭಟ ಹೆಚ್ಚು, ಆಯುಸ್ಸು ಕಡಮೆ. ನಿಜವಾದ ಮಳೆ ಬರುವುದು ಎದುರು ದಿಕ್ಕಿನಿಂದ. ಕೇರಳದ ತೀರವನ್ನು ವಾಡಿಕೆಯಂತೆ ಜೂನ್ 1ರಂದು ಮುಟ್ಟುವ ನೈರುತ್ಯ ಮಾರುತವು ಅದೇ ಮೊದಲ ವಾರದಲ್ಲಿ ಮಂಗಳೂರಿಗೆ ಬರುತ್ತದೆ. ಕಡಲಿನ ಬಣ್ಣ ಬೂದಿಯಾಗುತ್ತದೆ. ಅದರ ಮೊರೆತವು ತೀರದಿಂದ ಬಹುದೂರ ಒಳಗಿನ ಮನೆಗಳಿಗೂ ರಾತ್ರಿಯ ಹೊತ್ತು ಕೇಳಿಸತೊಡಗುತ್ತದೆ. ಈ ಮಳೆಯಲ್ಲಿ ಗುಡುಗು ಅಪರೂಪ. ಅದು ಸುಮ್ಮನೆ ಸುರಿಯುತ್ತದೆ, ಸ್ವಲ್ಪ ನಿಲ್ಲುತ್ತದೆ, ಮತ್ತೆ ಸುರಿಯುತ್ತದೆ.

ಎಷ್ಟು ಸುರಿಯುತ್ತದೆ ಎಂಬುದಕ್ಕೆ ಒಂದೆರಡು ಅಂಕಿಗಳು ಸಾಕು. ವರ್ಷಕ್ಕೆ 3,500ರಿಂದ 3,900 ಮಿಲಿಮೀಟರ್, ಹಳೆಯ ಲೆಕ್ಕದಲ್ಲಿ 140, 150 ಅಂಗುಲದಷ್ಟು ಮಳೆ. ಅದರಲ್ಲಿ ಹತ್ತಕ್ಕೆ ಎಂಟು ಪಾಲಿಗೂ ಮಿಗಿಲಾದದ್ದು ಜೂನಿನಿಂದ ಸೆಪ್ಟೆಂಬರಿನ ಒಳಗೆ ಬಿದ್ದುಹೋಗುತ್ತದೆ. ಮೈಸೂರು ನಗರಕ್ಕೆ ವರ್ಷಪೂರ್ತಿ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಿಗೆ ಅದಕ್ಕಿಂತ ಹೆಚ್ಚು. ಜನವರಿಯಿಂದ ಮಾರ್ಚಿಯವರೆಗೆ ಲೆಕ್ಕ ತೆಗೆದರೆ ಹೆಚ್ಚಿನ ವರ್ಷಗಳಲ್ಲಿ ಬರೆಯುವುದಕ್ಕೆ ಏನೂ ಇರುವುದಿಲ್ಲ. ಇಷ್ಟು ಮಳೆಗೆ ಕಡಲೊಂದೇ ಕಾರಣವಲ್ಲ. ಆವಿಯಿಂದ ತುಂಬಿದ ಗಾಳಿಯು ಸಹ್ಯಾದ್ರಿಯ ಇಳಿಜಾರಿಗೆ ತಾಗಿ ಮೇಲೇರಬೇಕಾಗುತ್ತದೆ; ಏರಿದಂತೆ ತಣ್ಣಗಾಗುತ್ತದೆ; ತಣ್ಣಗಾದ ಗಾಳಿ ಅಷ್ಟು ಆವಿಯನ್ನು ಹೊರಲಾರದು. ಹೊರೆ ಇಳಿಸುವ ಕೆಲಸ ಕರಾವಳಿಯಲ್ಲಿಯೇ ಮೊದಲಾಗಿ ಘಟ್ಟದ ನೆತ್ತಿಯಲ್ಲಿ ತೀವ್ರವಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ. ನೆತ್ತಿ ದಾಟಿ ಬಯಲಿಗೆ ಇಳಿಯುವ ಹೊತ್ತಿಗೆ ಗಾಳಿಯ ಬೊಕ್ಕಸ ಬರಿದಾಗಿರುತ್ತದೆ. ಬಯಲುಸೀಮೆಯ ರೈತನು ಆರಿದ್ರೆಯ ಹನಿಗೆ ಮುಗಿಲನ್ನು ನೋಡುತ್ತಿರುವ ದಿನವೇ ಕರಾವಳಿಯ ರೈತನು ಗದ್ದೆಯ ಬದುವನ್ನು ಕಡಿದು ನೀರನ್ನು ಹೊರಗೆ ಬಿಡುತ್ತಿರುತ್ತಾನೆ.

ಈ ಮಳೆಯನ್ನು ಆ ನಾಡಿನ ಜನ ಶತ್ರುವೆಂದು ಎಣಿಸದೆ, ಅದಕ್ಕೆ ತಕ್ಕಂತೆ ತಮ್ಮ ಬಾಳನ್ನೇ ಅಳವಡಿಸಿಕೊಂಡರು. ತುಳುವರ ಪಂಚಾಂಗದಲ್ಲಿ ಬೇಷ ತಿಂಗಳ ಹತ್ತನೆಯ ದಿನಕ್ಕೆ ಪತ್ತನಾಜೆ ಎಂದು ಹೆಸರು. ಅದು ಮೇ ತಿಂಗಳ ಕೊನೆಯ ವಾರದಲ್ಲಿ ಬರುತ್ತದೆ. ಅಂದಿಗೆ ದೇವಸ್ಥಾನಗಳ ಉತ್ಸವ, ಭೂತಗಳ ಕೋಲ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲಕ್ಕೂ ಮಂಗಳ. ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಮಳೆ ಬರುವುದಕ್ಕೆ ಇನ್ನೂ ಹತ್ತು ದಿನ ಇರುವಾಗಲೇ ಊರು ತನ್ನ ಬಯಲಾಟಗಳನ್ನೆಲ್ಲ ಮಡಿಸಿ ಒಳಗಿಟ್ಟುಕೊಳ್ಳುತ್ತದೆ. ಹವಾಮಾನ ಇಲಾಖೆಗಳು ಹುಟ್ಟುವುದಕ್ಕೆ ಬಹಳ ಹಿಂದಿನ ಮುನ್ಸೂಚನೆ ಇದು. ಇದರ ನಿಷ್ಕೃಷ್ಟತೆಯನ್ನು ನಾವು ಮೆಚ್ಚಲೇಬೇಕು.

ಅನಂತರ ಬರುವುದು ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ನಾಟಿ ಮುಗಿದಿರುತ್ತದೆ, ಪೈರು ಬಂದಿರುವುದಿಲ್ಲ, ಕಡಲಿಗೆ ಇಳಿಯುವಂತಿಲ್ಲ. ಹಿಂದೆ ಬಡವರ ಮನೆಗಳಲ್ಲಿ ಇದು ಅರೆಹೊಟ್ಟೆಯ ತಿಂಗಳು. ಈಗ ಪಟ್ಟಣದ ಸಂಘಗಳವರು ಸಭಾಭವನಗಳಲ್ಲಿ ಆಟಿಯ ತಿಂಡಿಗಳನ್ನು ಉತ್ಸವವಾಗಿ ಬಡಿಸುತ್ತಾರೆ. ಉಂಡವರಿಗೆ ಸಂತೋಷವಾಗುತ್ತದೆ, ನಮಗೇನೂ ಆಕ್ಷೇಪಣೆಯಿಲ್ಲ. ಆದರೆ ಕೆಸುವಿನೆಲೆಯ ಪತ್ರೊಡೆ, ತಗಟೆಸೊಪ್ಪು, ಕಣಿಲೆ, ಬೇಸಗೆಯಲ್ಲಿ ಉಪ್ಪಿಗೆ ಹಾಕಿಟ್ಟ ಹಲಸಿನ ತೊಳೆ, ಒಣಮೀನು ಇವೆಲ್ಲ ರುಚಿಗಾಗಿ ಹುಟ್ಟಿದವಲ್ಲ. ಅಂಗಳ ದಾಟಿ ಹೊರಗೆ ಹೋಗಲಾರದ ದಿನಗಳಲ್ಲಿ ಜೀವ ಹಿಡಿದುಕೊಳ್ಳುವುದಕ್ಕಾಗಿ ಹುಟ್ಟಿದವು. ಆಟಿಯ ಅಮಾವಾಸ್ಯೆಯಂದು ಪಾಲೆಮರದ ಕೆತ್ತೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ಕಷಾಯ ಮಾಡಿ ಬರಿಹೊಟ್ಟೆಯಲ್ಲಿ ಕುಡಿಯುವ ಪದ್ಧತಿಯೂ ಥಂಡಿಜ್ವರಗಳ ಭಯದಿಂದಲೇ ಬಂದಿರಬೇಕು.

ಮನೆಯ ಮಾತಿಗೆ ಬರೋಣ. ಮುಳಿಹುಲ್ಲಿನ ಇಲ್ಲವೆ ಮಡಲಿನ ಮಾಡುಗಳನ್ನು ಪ್ರತಿವರ್ಷವೂ ಮಳೆಗೆ ಮುಂಚೆ ಹೊಸದಾಗಿ ಹೊದಿಸಬೇಕಾಗಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ನದಿಯ ದಡದ ಜೇಡಿಮಣ್ಣು ಒಳ್ಳೆಯದಾಗಿತ್ತು. ಸುಡುವುದಕ್ಕೆ ಸೌದೆ ಹೇರಳವಾಗಿತ್ತು. ಸಾಗಿಸುವುದಕ್ಕೆ ನೀರಿನ ದಾರಿ ಇತ್ತು. ಮಂಗಳೂರು ಹಂಚು ಎಂಬ ಹೆಸರು ಹಡಗೇರಿ ದೇಶಾಂತರಗಳಿಗೆ ಹೋಯಿತು. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವ ಈ ಹಂಚುಗಳ ಮೇಲೆ, ಕಡಿದಾದ ಇಳಿಜಾರಿನಲ್ಲಿ, ನೀರು ಒಂದು ಕ್ಷಣವೂ ನಿಲ್ಲುವುದಿಲ್ಲ. ಹಂಚಿನ ಸಂದಿಗಳಿಂದ ಒಳಗಿನ ಬಿಸಿಗಾಳಿ ಹೊರಗೆ ಹೋಗುತ್ತದೆ. ಮಳೆಗೂ ಸೆಕೆಗೂ ಒಂದೇ ಮದ್ದು. ಗೋಡೆಗೆ ಮುರಕಲ್ಲು. ಭೂಮಿಯಲ್ಲಿರುವಾಗ ಕೊಡಲಿಯಿಂದ ಕಡಿಯುವಷ್ಟು ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಶಾಸ್ತ್ರೀಯ ನಾಮವನ್ನು ಇಟ್ಟವನು ಫ್ರಾನ್ಸಿಸ್ ಬುಕನನ್. ಟಿಪ್ಪುವಿನ ಪತನಾನಂತರ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು 1800-1801ರಲ್ಲಿ ಸುತ್ತಿದವನು ಆತನೇ. ಈಚೆಗೆ ಹಂಚನ್ನು ಬಿಟ್ಟು ಕಾಂಕ್ರೀಟಿನ ಚಪ್ಪಟೆ ಮಾಳಿಗೆಗಳನ್ನು ಕಟ್ಟಿಸಿದವರು ಸೋರಿಕೆಗೆ ಅಂಜಿ ಅದರ ಮೇಲೆ ಇಳಿಜಾರಾದ ತಗಡಿನ ಮಾಡನ್ನು ಹೊದಿಸುತ್ತಿದ್ದಾರೆ. ಅಜ್ಜನ ಮಾಡು ಮೊಮ್ಮಗನ ಮಾಳಿಗೆಯ ಮೇಲೇರಿ ಕುಳಿತಂತಾಗಿದೆ.

ಬಂದರಿನ ವಿಷಯದಲ್ಲಿ ಹವೆಯು ಬಹುಕಾಲ ಮಂಗಳೂರಿಗೆ ಅಡ್ಡಿಯಾಗಿಯೇ ಇತ್ತು. ಮಾನ್ಸೂನ್ ಎಂಬ ಶಬ್ದವು ಋತು ಎಂಬರ್ಥದ ಅರಬ್ಬೀ ಮಾತಿನಿಂದ ಬಂದದ್ದು; ಅರಬ್ ನಾವಿಕರಿಗೆ ಅದು ಹಾಯಿಯ ಋತು. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತನು ಕಂಡ ಮಂಗಳೂರಿನಲ್ಲಿ ಪಾರಸಿಕ ದೇಶದ ಮತ್ತು ಯೆಮನಿನ ವರ್ತಕರಿದ್ದರು. ಅವರೆಲ್ಲ ಗಾಳಿಯ ದಿಕ್ಕನ್ನು ನೋಡಿ ಬಂದು, ದಿಕ್ಕು ತಿರುಗಿದಾಗ ಹೋಗುವವರು. ಹಳೆಯ ಬಂದರು ನೇತ್ರಾವತಿ, ಗುರುಪುರ ನದಿಗಳು ಕೂಡಿ ಕಡಲನ್ನು ಸೇರುವ ಅಳಿವೆಯ ಒಳಗಿದೆ. ಮಳೆಗಾಲದ ಅಲೆಗಳಿಗೆ ಅಳಿವೆಯ ಬಾಯಲ್ಲಿ ಮರಳಿನ ದಿಣ್ಣೆಗಳು ಸರಿದಾಡುತ್ತಿದ್ದುದರಿಂದ ಆ ತಿಂಗಳುಗಳಲ್ಲಿ ವ್ಯಾಪಾರ ನಿಂತುಹೋಗುತ್ತಿತ್ತು. ಪಣಂಬೂರಿನಲ್ಲಿ ಅಲೆತಡೆಗಳನ್ನು ಕಟ್ಟಿ ನಿರ್ಮಿಸಿದ ಹೊಸ ಬಂದರು 1975ರಲ್ಲಿ ಉದ್ಘಾಟನೆಯಾದ ಮೇಲೆ ಹಡಗುಗಳಿಗೆ ಈ ಕಟ್ಟು ತಪ್ಪಿತು. ಮೀನುಗಾರರಿಗೆ ತಪ್ಪಲಿಲ್ಲ, ತಪ್ಪಬೇಕಾದದ್ದೂ ಇಲ್ಲ: ಜೂನ್ ಜುಲೈಗಳಲ್ಲಿ ಯಂತ್ರದೋಣಿಗಳು ಕಡಲಿಗೆ ಇಳಿಯಬಾರದೆಂದು ಸರಕಾರದ ನಿಷೇಧವಿದೆ, ಮೀನುಗಳು ಮರಿಹಾಕುವ ಕಾಲವೂ ಅದೇ. ಶ್ರಾವಣದ ಹುಣ್ಣಿಮೆಯಂದು ಮೊಗವೀರರು ಕಡಲಿಗೆ ಹಾಲೆರೆದು ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡುತ್ತಾರೆ.

ಈಗ ಮೊದಲಿನ ಪ್ರಶ್ನೆ. ಇಷ್ಟು ನೀರು ಎಲ್ಲಿಗೆ ಹೋಗುತ್ತದೆ? ನೇತ್ರಾವತಿಯು ಕುದುರೆಮುಖದ ಬೆಟ್ಟಸಾಲಿನಲ್ಲಿ ಹುಟ್ಟುತ್ತದೆ. ಅಲ್ಲಿಯೇ ಹುಟ್ಟಿದ ತುಂಗೆಯೂ ಭದ್ರೆಯೂ ಮೂಡಲಿಗೆ ತಿರುಗಿ, ಕೂಡಿ, ಕೃಷ್ಣೆಯನ್ನು ಸೇರಿ, ನೂರಾರು ಮೈಲಿ ಸುತ್ತಿ ಬಂಗಾಳ ಕೊಲ್ಲಿಗೆ ಹೋಗುತ್ತವೆ. ದಾರಿಯುದ್ದಕ್ಕೂ ಕೆರೆ ಕಾಲುವೆಗಳಿಗೆ ನೀರೂಡುತ್ತವೆ. ನೇತ್ರಾವತಿಯು ಪಡುವಲಿಗೆ ಹಾರಿ ನೂರು ಕಿಲೋಮೀಟರಿನಷ್ಟೇ ಓಡಿ ಕಡಲಿಗೆ ಬೀಳುತ್ತದೆ. ಘಟ್ಟದಲ್ಲಿ ಬಿದ್ದ ಮಳೆ ಒಂದೆರಡು ದಿನಗಳಲ್ಲಿ ಉಪ್ಪುನೀರಾಗಿರುತ್ತದೆ. ಓಡುವ ದಾರಿಯಲ್ಲಿ ಅದು ಮಿತಿಮೀರಿದರೆ ಬೊಳ್ಳ. 1923ರಲ್ಲಿಯೂ 1974ರಲ್ಲಿಯೂ ಬಂಟ್ವಾಳ, ಪಾಣೆಮಂಗಳೂರುಗಳನ್ನು ಮುಳುಗಿಸಿದ ನೆರೆಗಳನ್ನು ಆ ಕಡೆ ಜನ ಈಗಲೂ ಹೇಳುತ್ತಾರೆ. ನೆಲದಡಿಯ ಮುರಕಲ್ಲೂ ತೂತುಗಳಿಂದ ತುಂಬಿದ್ದು. ಜುಲೈಯಲ್ಲಿ ಕೈಯಿಂದ ಮೊಗೆಯುವಷ್ಟು ಮೇಲೆ ಬಂದ ಬಾವಿಯ ನೀರು ಏಪ್ರಿಲಿನಲ್ಲಿ ಹಗ್ಗಕ್ಕೆ ಸಿಕ್ಕದಷ್ಟು ಕೆಳಗೆ ಹೋಗುತ್ತದೆ.

ಹಿಂದಿನವರು ಈ ಓಡುವ ನೀರನ್ನು ನಡೆಯಿಸುವ ಉಪಾಯಗಳನ್ನು ಬಲ್ಲವರಾಗಿದ್ದರು. ಗದ್ದೆಗಳಲ್ಲಿ ಬೆಟ್ಟು, ಮಜಲು, ಬೈಲು ಎಂದು ಮೂರು ಬಗೆ. ಎತ್ತರದ ಬೆಟ್ಟುಗದ್ದೆಗೆ ಏಣೆಲು ಎಂಬ ಮಳೆಗಾಲದ ಬೆಳೆ ಮಾತ್ರ. ನಡುವಿನ ಮಜಲಿಗೆ ಸುಗ್ಗಿಯೂ ಸೇರಿ ಎರಡು. ತಗ್ಗಿನ ಬೈಲಿಗೆ ಕೊಳಕೆಯೂ ಸೇರಿ ಮೂರು. ಬದು ಕಟ್ಟಿದ ಈ ಗದ್ದೆಗಳಲ್ಲಿ ತಿಂಗಳುಗಟ್ಟಲೆ ನಿಂತ ನೀರು ಮೆಲ್ಲನೆ ಇಂಗಿ ಕೆಳಗಿನ ಬಾವಿಗಳನ್ನು ಕಾಯುತ್ತಿತ್ತು. ಮಳೆ ನಿಂತ ಮೇಲೆ ತೋಡುಗಳಿಗೆ ಅಡ್ಡಲಾಗಿ ಕಲ್ಲುಮಣ್ಣಿನ ಕಟ್ಟಗಳನ್ನು ಹಾಕುತ್ತಿದ್ದರು. ಮುಂದಿನ ಮುಂಗಾರಿನ ಮೊದಲ ನೆರೆಗೆ ಅವು ಕೊಚ್ಚಿಹೋದರೆ ಚಿಂತೆಯಿಲ್ಲ, ಅಷ್ಟರಲ್ಲಿ ಅವುಗಳ ಕೆಲಸ ಮುಗಿದಿರುತ್ತಿತ್ತು. ಗುಡ್ಡದ ಪಕ್ಕೆಗೆ ಅಡ್ಡಲಾಗಿ ಒರತೆ ಸಿಕ್ಕುವವರೆಗೆ ಸುರಂಗ ಕೊರೆಯುವುದು ಇನ್ನೊಂದು ಉಪಾಯ. ಅದರಲ್ಲಿ ನೀರನ್ನು ಎತ್ತುವ ಶ್ರಮವೇ ಇಲ್ಲ, ತಾನೇ ಹರಿದು ಬರುತ್ತದೆ. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿಯ ಕೆಲಸ ಮುಗಿಸಿ ಬಂದು ಒಬ್ಬರೇ ಸುರಂಗ ಕೊರೆದರು. ಹಲವು ಸುರಂಗಗಳು ಬರಿದಾದರೂ ಬಿಡದೆ ನೀರು ಕಂಡು ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಮಂಗಳೂರು ಪಟ್ಟಣದೊಳಗಿನ ಬೈಲುಗಳು ಈಗ ಬಹುಮಟ್ಟಿಗೆ ಹೆಸರಿನಲ್ಲಿ ಮಾತ್ರ ಉಳಿದಿವೆ. ಮಣ್ಣು ತುಂಬಿಸಿ ಎತ್ತರಿಸಿ, ಮೇಲೆ ಕಟ್ಟಡ ಎಬ್ಬಿಸಿದ್ದಾರೆ. ನೀರಿಗೆ ಈ ಕ್ರಯಪತ್ರಗಳ ವಿಚಾರ ತಿಳಿಯದು. ಅದು ತನ್ನ ಹಳೆಯ ಗದ್ದೆಯನ್ನು ಹುಡುಕಿಕೊಂಡು ಬರುತ್ತದೆ. 2018ರ ಮೇ 29ರಂದು, ಮುಂಗಾರು ಇನ್ನೂ ಸರಿಯಾಗಿ ಹಿಡಿಯುವುದಕ್ಕೆ ಮುಂಚೆಯೇ, ಒಂದು ದಿನದ ಮಳೆಗೆ ನಗರದ ಬೀದಿಗಳು ಹೊಳೆಗಳಾದುವು. ಇಂಗಲು ಎಡೆಯಿಲ್ಲದ ಅದೇ ನೀರು ಕಟ್ಟಡಗಳ ತೊಟ್ಟಿಗಳಲ್ಲೂ ಅರೆಕಟ್ಟಿದ ಮಾಳಿಗೆಗಳಲ್ಲೂ ನಿಂತು ಸೊಳ್ಳೆಗಳಿಗೆ ತೊಟ್ಟಿಲಾಯಿತು. 1990ರ ದಶಕದಿಂದೀಚೆಗೆ ಮಲೇರಿಯವು ಈ ಪಟ್ಟಣವನ್ನು ಹಿಡಿದು ಪೀಡಿಸಿದ್ದರಲ್ಲಿ ಕಟ್ಟಡದ ಕೆಲಸಗಳ ಪಾಲು ದೊಡ್ಡದು. ಅರಬ್ಬೀ ಸಮುದ್ರವೂ ಹಿಂದಿನಂತಿಲ್ಲ. ಅದರ ಮೈ ಬಿಸಿಯೇರಿದೆ, ಅಲ್ಲಿ ಹುಟ್ಟುವ ಚಂಡಮಾರುತಗಳು ಹೆಚ್ಚಿವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಎಂಬ ಚಂಡಮಾರುತ ತೀರದಾಚೆ ಹಾದುಹೋದಾಗ ಉಳ್ಳಾಲ, ಸೋಮೇಶ್ವರಗಳ ದಡವನ್ನು ಕಡಲು ಕೊರೆಯಿತು.

ಪಟ್ಟಣಕ್ಕೆ ಕುಡಿಯುವ ನೀರು ಬರುವುದು ಬಂಟ್ವಾಳದ ಹತ್ತಿರ ತುಂಬೆಯಲ್ಲಿ ನೇತ್ರಾವತಿಗೆ ಅಡ್ಡಲಾಗಿ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. ಮಳೆ ಹಿಂದೆಗೆದ ಮೇಲೆ ಬಾಗಿಲುಗಳನ್ನು ಮುಚ್ಚಿ ಹೊಳೆಯನ್ನು ತಡೆಯುತ್ತಾರೆ. ಏಪ್ರಿಲ್ ಬಂತೆಂದರೆ ತುಂಬೆಯಲ್ಲಿ ನೀರು ಎಷ್ಟು ಮೀಟರ್ ಉಳಿದಿದೆ ಎಂಬುದು ಪತ್ರಿಕೆಗಳ ಸುದ್ದಿಯಾಗುತ್ತದೆ. 2016ರಲ್ಲಿ, 2019ರಲ್ಲಿ, ಮತ್ತೆ 2023ರಲ್ಲಿ ಮನೆಗಳಿಗೆ ಸರದಿಯ ಮೇಲೆ ನೀರು ಬಿಡಬೇಕಾಯಿತು. 145 ಅಂಗುಲದ ಊರಿನ ಬೀದಿಗಳಲ್ಲಿ ನೀರಿನ ಟ್ಯಾಂಕರುಗಳು ಓಡಾಡಿದುವು. ಮೇ ತಿಂಗಳ ಸಂಜೆ ಘಟ್ಟದ ಕಡೆ ಗುಡುಗಿದೊಡನೆ ಜನ ಮೂಡಲಿಗೆ ಕಿವಿಗೊಡುತ್ತಾರೆ. ಜೂನಿನಲ್ಲಿ ಹೊಳೆ ತುಂಬಿ ಬರಲು ತುಂಬೆಯ ಬಾಗಿಲುಗಳನ್ನು ಎತ್ತಿಬಿಡುತ್ತಾರೆ. ಆ ನೀರು ಮಾರನೆಯ ಬೆಳಗಿನೊಳಗೆ ಅಳಿವೆಯನ್ನು ದಾಟಿರುತ್ತದೆ.